ಅನ್ನಕ್ಕಿಡುವ ಕೂಗು

ತೊಂಬತ್ತೆಂಟನೇ ಇಸವಿಯ ಚೈತ್ರ, ಬಿಸಿಲು ನೆತ್ತಿಗೇರಿದ ಹೊತ್ತು. ವಡೋದರಾದ ಮಂಜಲ್‌ಪುರದಲ್ಲಿ ನನ್ನ ಪಕ್ಕದ ಮನೆಯ ಶಕುಂತಲಾ ಊಟ ಬಿಟ್ಟಿದ್ದಳು. ಗಂಡ ಜನಾರ್ದನ ರೈಲು ಇಂಜಿನ್ ಓಡಿಸುತ್ತಿದ್ದವನು. ಮನೆಯ ಹಿಂದಿನ ಹಳಿಗೆ ಬಂದಾಗ ಒಂದು ಉದ್ದ, ಎರಡು ಗಿಡ್ಡ ಕೂಗು ಹಾಕುತ್ತಿದ್ದ. ಅದು ಕೇಳಿದ ಮೇಲೇ ಇವಳು ಅನ್ನಕ್ಕಿಡುವುದು. ಅವನು ಸತ್ತ ಮೇಲೆ ಒಲೆ ಹಚ್ಚಲೇ ಇಲ್ಲ. ನಾನು ಅಡುಗೆ ಕೆಲಸಕ್ಕಿದ್ದ ಹೋಟೆಲಿನಲ್ಲಿ ಬೇಯಿಸಿ ತಂದ ಗಂಜಿಯನ್ನೂ ಮುಟ್ಟಲಿಲ್ಲ.

ಮೈದುನ ಸಂತೋಷನ ಬಳಿ ಗುಂಡಿ ಒತ್ತಿದರೆ ಓಡುವ ಆಟಿಕೆ ಇಂಜಿನ್ನಿತ್ತು. ಅತ್ತಿಗೆಯನ್ನು ಉಳಿಸಿಕೊಳ್ಳಲು ಬೇರೆ ದಾರಿ ಕಾಣದೆ, ಅಣ್ಣನ ಕೂಗು ಕೇಳಿಸಿದರೆ ಉಂಡಾಳೆಂದು, ಅವನು ಹಿಂದೆಯೇ ಪರದೇಶದಿಂದ ತರಿಸಿಟ್ಟಿದ್ದ ಸದ್ದು ಹೊರಡಿಸುವ ಚಿಪ್ ಒಂದನ್ನು ಪುಟ್ಟ ಸ್ಪೀಕರಿನ ಜೊತೆ ಅದರೊಳಗೆ ಬೆಸುಗೆ ಹಾಕಿದ. ನನ್ನೆದುರೇ ಗುಂಡಿ ಒತ್ತಿದ.

“ಕುರಿ ಒದರಿದ ಹಾಗೆ ಕೂಗ್ತಿದ್ರೇನೋ ನಿಮ್ಮಣ್ಣ?” ಎಂದು ಅವಳು ಗೋಡೆಗೆ ತಿರುಗಿದಳು.

“ಎರಡು ತುತ್ತು ತಿನ್ನಿ ಅತ್ತಿಗೆ, ಕಾಲು ಹಿಡೀತೀನಿ.”

ಅವಳು ಸೆರಗನ್ನು ಮುಖದ ಮೇಲೆ ಎಳೆದುಕೊಂಡಳು. ಅವನು ಅಳುತ್ತಾ ಇಂಜಿನ್ನಿನ ವೈರುಗಳನ್ನೆಲ್ಲ ಕಿತ್ತ. ಆಮೇಲೆ ಅದು ಕೂಗಿತು. ಒಂದು ಉದ್ದ, ಎರಡು ಗಿಡ್ಡ. ನನ್ನ ಅಂಗಾಲಿನಡಿ ನೆಲ ನಡುಗಿತು. ಡೀಸೆಲ್ ವಾಸನೆ ಬಂತು. ಅಂಥ ಸೆಕೆಯಲ್ಲೂ ಗೋಡೆ ತಣ್ಣಗಾಗಿತ್ತು.

ಶಕುಂತಲಾ ಎದ್ದು ಅನ್ನಕ್ಕಿಟ್ಟಳು. ನಮ್ಮನ್ನು ಹೊರಗೆ ಕಳಿಸಿ, ಎರಡು ತಟ್ಟೆ ಬಡಿಸಿಕೊಂಡಳು. ಆಮೇಲೆ ಒಳಗೆ ಹೋದರೆ ಎರಡೂ ಖಾಲಿ. ಒಂದರ ಅಂಚಿನಲ್ಲಿ ಕಪ್ಪು ಗ್ರೀಸಿನ ಹೆಬ್ಬೆರಳ ಗುರುತಿತ್ತು.

“ಊರಿಗೆ ಹೋಗೋಣ ಅತ್ತಿಗೆ.”

“ಅವರ ಡ್ಯೂಟಿ ಮುಗೀಲಿ.”

ಬುಧವಾರ ಬೆಳಿಗ್ಗೆ ಸಂತೋಷ ಇಂಜಿನ್ನನ್ನು ಚೀಲಕ್ಕೆ ತುಂಬಿಕೊಂಡು ಒಬ್ಬನೇ ಊರಿಗೆ ಹೋದ. ಮಧ್ಯಾಹ್ನ ಪಕ್ಕದ ಮನೆಯೊಳಗಿಂದ ಅದೇ ಕೂಗು ಕೇಳಿತು. ಅವಳು ಅನ್ನಕ್ಕಿಟ್ಟಳು.