ಸಿಹಿನೀರಿನ ಲೈಟ್‌ಹೌಸ್

"ಕೆರೆ ಬದಿಗೆ ಲೈಟ್‌ಹೌಸಾ? ಯಾರ ಕಿವಿಗೆ ಹೂ ಇಡ್ತೀರಿ ಮಾರಾಯ್ರೆ!"

ರೋಸಲಿನ್ ಅಷ್ಟು ಗಟ್ಟಿಯಾಗಿ ಹೇಳಬೇಕೆಂದುಕೊಂಡಿರಲಿಲ್ಲ. ಆದರೆ ದೋಹಾದಲ್ಲಿ ಕರಾವಳಿಯವರ ಸಂಘ ಇಟ್ಟಿದ್ದ ಫೋಟೋ ಪ್ರದರ್ಶನದಲ್ಲಿ ಅದು ಎಲ್ಲರಿಗೂ ಕೇಳಿಸಿತು.

'ಸಿಹಿನೀರಿನ ಲೈಟ್‌ಹೌಸ್' ಎಂದು ಬರೆದಿದ್ದ ಆ ಫೋಟೋ ತೆಗೆದ ಫ್ಲಾಯ್ಡ್ ಪಕ್ಕದಲ್ಲೇ ನಿಂತಿದ್ದ. ಹಮದ್ ಬಂದರಿನಲ್ಲಿ ಅವನ ಕೆಲಸ. ವರ್ಷಕ್ಕೊಮ್ಮೆ ರಜೆಯಲ್ಲಿ ಕೆನಡಾದ ಅಕ್ಕನ ಮನೆಗೆ ಹೋಗಿ, ಅಲ್ಲಿನ ದೊಡ್ಡ ಸರೋವರಗಳ ದಡದ ಲೈಟ್‌ಹೌಸ್‌ಗಳನ್ನು ಒಂದೊಂದಾಗಿ ನೋಡಿ ಬರುವುದು ಅವನ ಹುಚ್ಚು.

"ಕೆರೆ ಅಲ್ಲ... ಸರೋವರ. ಆಚೆ ದಡ ಕಾಣುವುದಿಲ್ಲ," ಎಂದ ಮೆಲ್ಲಗೆ.

"ಇಷ್ಟು ದೊಡ್ಡ ತೆರೆ ಉಂಟು, ಹಡಗು ಉಂಟು... ಇದು ಸಮುದ್ರವೇ! ನನ್ನ ಅಪ್ಪ ಇಪ್ಪತ್ತೆರಡು ವರ್ಷ ಊರಿನ ಲೈಟ್‌ಹೌಸಿಗೆ ಬಣ್ಣ ಬಳಿದವರು. ನನಗೆ ಹೇಳ್ತೀರಾ? ನೆಟ್‌ನಿಂದ ಕದ್ದದ್ದಾದ್ರೆ ಹಾಗೇ ಹೇಳಿ!"

ಯಾರೋ ಕಿಸಕ್ಕನೆ ನಕ್ಕರು. ಸಂಘದ ಅಧ್ಯಕ್ಷ ರೆಮಿಜಿಯಸ್, "ಖಲಾಸ್, ಖಲಾಸ್! ಗಲಾಟೆ ಬೇಡ. ಇದೊಂದು ಫೋಟೋ ಗೋಡೆಯಿಂದ ಇಳಿಸಿಬಿಡುವ," ಎಂದರು.

ಫ್ಲಾಯ್ಡ್ ವಾದ ಮಾಡಲಿಲ್ಲ. ತಾನೇ ಫೋಟೋ ಇಳಿಸಿ, ಪೇಪರ್ ಸುತ್ತಿ ಹೊರಟ. ಹೋಗುವಾಗ ಒಮ್ಮೆ ಅವಳ ಮುಖ ನೋಡಿದ. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅದೇ ಅವಳನ್ನು ಚುಚ್ಚಿತು...

ಮನೆಗೆ ಬಂದವಳೇ, ಮೊಬೈಲಿನಲ್ಲಿ ಹಿಡಿದಿಟ್ಟಿದ್ದ ಆ ಫೋಟೋವನ್ನು ಊರಿನ ಅಪ್ಪನಿಗೆ ಕಳಿಸಿದಳು. ಅಪ್ಪ ತನ್ನ ಮಾತಿಗೆ ಹೂಂ ಅನ್ನಲಿ ಎಂಬ ಆಸೆ.

ಅಪ್ಪನ ವಾಯ್ಸ್ ಮೆಸೇಜ್ ಬಂತು. "ಇದು ಉಪ್ಪುನೀರಲ್ಲ ಮಗಾ. ಕಬ್ಬಿಣದ ಏಣಿ ನೋಡು. ಸಮುದ್ರದ ಬದಿಯಾದ್ರೆ ಬಣ್ಣದ ಅಡಿಯಲ್ಲಿ ತುಕ್ಕು ಹಿಡಿದು ಗುಳ್ಳೆ ಏಳ್ತದೆ. ಇಷ್ಟು ಹಳೇ ಏಣಿಗೆ ಒಂದು ಗುಳ್ಳೆಯೂ ಇಲ್ಲ! ಯಾರು ತೆಗೆದದ್ದು? ಚಂದ ತೆಗೆದಿದ್ದಾನೆ."

ರೋಸಲಿನ್ ಫೋಟೋದ ಏಣಿಯನ್ನು ದೊಡ್ಡದು ಮಾಡಿ ನೋಡಿದಳು. ಪ್ರತಿ ಮಳೆಗಾಲದ ನಂತರ ಅಪ್ಪ ಆ ಗುಳ್ಳೆಗಳನ್ನು ಕೆರೆದು ತೆಗೆಯುವಾಗ ಕೆಳಗೆ ಬಕೆಟ್ ಹಿಡಿದು ನಿಂತವಳು ಅವಳೇ ಅಲ್ಲವೇ?

'ಕಣ್ಣೆದುರೇ ಇತ್ತಲ್ಲ... ಅಪ್ಪನ ಹೆಸರು ಹೇಳಿ ಒಬ್ಬ ಪ್ರಾಮಾಣಿಕನನ್ನು ಕಳ್ಳ ಮಾಡಿದೆನಲ್ಲ!'

ಅನ್ನ ಸೇರಲಿಲ್ಲ. ಕನ್ನಡಿ ನೋಡಲೂ ನಾಚಿಕೆ. ಫೋನ್ ಮಾಡಿದರೆ ಫ್ಲಾಯ್ಡ್ ಎತ್ತಲಿಲ್ಲ.

ಸಂಘದ ಮುಂದಿನ ಸಭೆಯಲ್ಲಿ ಮೈಕ್ ಹಿಡಿದಳು. "ಫ್ಲಾಯ್ಡ್ ಹೇಳಿದ್ದು ನಿಜ. ನಾನು ಸರಿಯಾಗಿ ನೋಡದೆ ಅವರ ಮಾನ ಕಳೆದೆ..."

ಸಭೆ ಮುಗಿದ ಮೇಲೆ ರೆಮಿಜಿಯಸ್ ಹತ್ತಿರ ಬಂದರು. "ಫ್ಲಾಯ್ಡ್ ಶುಕ್ರವಾರ ಸಂಜೆ ಅಲ್ ವಕ್ರಾ ಬೀಚಲ್ಲಿ ಫೋಟೋ ತೆಗೀತಾ ಇರ್ತಾನೆ. ನನ್ನದೂ ತಪ್ಪುಂಟು ಅಂತ ಹೇಳು ಮಾರಾಯ್ತಿ."

ಶುಕ್ರವಾರ ಅವನು ಅಲ್ಲೇ ಇದ್ದ. ಕ್ಯಾಮೆರಾದಿಂದ ಕಣ್ಣು ತೆಗೆಯಲಿಲ್ಲ.

"ಸಭೆಯಲ್ಲಿ ಹೇಳಿದಿರಂತೆ."

"ಅಷ್ಟು ಸಾಕಾಗುವುದಿಲ್ಲ, ಗೊತ್ತು."

"ಹೌದು, ಸಾಕಾಗುವುದಿಲ್ಲ." ಅವನು ಕ್ಯಾಮೆರಾ ಕೆಳಗಿಳಿಸಿದ. "ಬೇರೆಯವರು ನಕ್ಕದ್ದಕ್ಕೆ ಬೇಜಾರಿಲ್ಲ. ಆ ಫೋಟೋ ಮುಂದೆ ತುಂಬ ಹೊತ್ತು ನಿಂತವರು ನೀವೊಬ್ಬರೇ. ಇವರಿಗಾದ್ರೂ ಇಷ್ಟ ಆಯ್ತು ಅಂತ ಖುಷಿಪಟ್ಟಿದ್ದೆ..."

ಅವಳ ಕಣ್ಣು ತುಂಬಿತು. ಆದರೂ ಮುಂದಿನ ಶುಕ್ರವಾರ ಬಂದಳು. ಅದರ ಮುಂದಿನದ್ದಕ್ಕೂ. ಗಾಳಿಗೆ ಅಲುಗುವ ಟ್ರೈಪಾಡ್ ಹಿಡಿದು ತಲೆತಗ್ಗಿಸಿ ನಿಲ್ಲುತ್ತಿದ್ದಳು. ಮೊದಲು ಅವನು ಥ್ಯಾಂಕ್ಸ್ ಮಾತ್ರ ಹೇಳುತ್ತಿದ್ದ. ಆಮೇಲೆ ಕರಕ್ ಚಹಾ ತಂದುಕೊಟ್ಟ. ಆಮೇಲೆ ನಗಿಸಿದ.

ಎಂಟನೆಯ ಶುಕ್ರವಾರ ಅವನು ಕ್ಯಾಮೆರಾ ಬ್ಯಾಗಿಗೆ ಹಾಕುತ್ತಾ ಕೇಳಿದ:

"ಈ ಸಲ ಸರೋವರಕ್ಕೆ ಹೋಗುವಾಗ ಇಬ್ಬರಿಗೆ ಟಿಕೆಟ್ ನೋಡ್ಲಾ?"

"ನಾನು... ಯಾರಾಗಿ ಬರುವುದು?"

"ಹೆಂಡತಿಯಾಗಿ."

"ಅಷ್ಟು ಅವಮಾನ ಮಾಡಿದವಳನ್ನಾ!"

"ಅಷ್ಟು ಜನರೆದುರು ತಪ್ಪು ಒಪ್ಪಿಕೊಂಡವಳನ್ನು."

ಅವಳು ಟ್ರೈಪಾಡಿನ ಕಾಲುಗಳನ್ನು ಒಂದೊಂದಾಗಿ ಮಡಚಿದಳು. ಆಮೇಲೆ ತಲೆ ಎತ್ತಿದಳು.

"ಅಲ್ಲಿ ತುಂಬಾ ಚಳಿಯಾ?"

"ಕೈ ಮರಗಟ್ಟುತ್ತದೆ."

"ಹಾಗಾದ್ರೆ... ಹಿಡ್ಕೊಳ್ಳಿ ಮತ್ತೆ," ಎಂದು ರೋಸಲಿನ್ ಕೈ ಚಾಚಿದಳು.