ಹೆಂಚಿಗೆ ಸಾಲದ ಇಳಿಜಾರು

"ಇವತ್ತು ಮಾಡಿನ ಬಗ್ಗೆ ಮಾತ್ರ ಬಾಯಿ ಬಿಡ್ಬೇಡಿ, ದಮ್ಮಯ್ಯ," ಎಂದಳು ಜಯಂತಿ.

ಹೌರಾಕ್ಕೆ ಹತ್ತಿರದ ಬಾರಾನಗರದ ಬಸ್ ಸ್ಟಾಪಿನಲ್ಲಿ ಅನಂತನನ್ನು ಎದುರುಗೊಳ್ಳಲು ಬಂದವಳು ಮೊದಲು ಆಡಿದ ಮಾತೇ ಅದು. ಅವನು ಧಾರವಾಡದವನು, ಹೌರಾದಲ್ಲಿ ರೈಲ್ವೆ ಇಂಜಿನಿಯರು. ಅವಳ ತಂದೆ ರತ್ನಾಕರ ಮಂಗಳೂರು ಕಡೆಯವರು, ಬ್ಯಾಂಕ್ ಮ್ಯಾನೇಜರು. ಊರು ಬೇರೆ, ಜಾತಿಯೂ ಬೇರೆ. ಮುಚ್ಚಿಟ್ಟುಕೊಂಡಿದ್ದ ಪ್ರೀತಿಯನ್ನು ಇವತ್ತು ಅವನು ಅವರ ಮುಂದೆ ಹೇಳುವವನಿದ್ದ.

"ಮಾಡು ಅಂದ್ರ?"

"ಛಾವಣಿ ಮಾರಾಯ್ರೆ! ಅಪ್ಪ ಮಹಡಿ ಕೋಣೆಯ ತಗಡು ತೆಗೆಸಿ ಊರಿನ ಹೆಂಚು ಹೊದಿಸಿದ್ದಾರೆ. ಗೂಡ್ಸ್ ರೈಲಿನಲ್ಲಿ ತರಿಸಿದ್ದು. ಅಮ್ಮ ಹೋದ ಮೇಲೆ ಅವರು ನಗ್ತಾ ಮಾಡಿದ ಕೆಲಸ ಅದೊಂದೇ."

"ಚಲೋ ಆತಲ್ಲ. ಅದರಾಗ ನಾ ಏನ ಹೇಳೂದದ?"

"ಕನ್ನಡ ಸಂಘದ ನಾಟಕದ ಸ್ಟೇಜು ನೋಡಿ, ಬೀಳ್ತದೆ ಅಂತ ಎಲ್ಲರೆದುರು ಹೇಳಿದವರಲ್ವಾ ನೀವು?"

"ಬಿತ್ತಲ್ಲ ಮತ್ತ!"

ಅವನು ನಕ್ಕ. ಜಯಂತಿಗೆ ಅವನ ಮೇಲೆ ಮನಸ್ಸಾದದ್ದು ಆ ನಾಟಕದ ದಿನವೇ. ಆದರೂ ಈಗ ನಗಲಿಲ್ಲ.

ಮಹಡಿ ಹತ್ತುತ್ತಲೇ ಅನಂತನಿಗೆ ಎಲ್ಲ ತಿಳಿಯಿತು. ತಗಡಿನ ಕಾಲದ ತೊಲೆ, ಅದರಿಂದ ಕೆಳಕ್ಕೆ ಇಳಿಯುವ ಪಕ್ಕಾಸಿನ ಮರಗಳು ಹಾಗೆಯೇ ಇದ್ದವು. ತಗಡಿಗೆ ಆ ಸಣ್ಣ ಇಳಿಜಾರು ಸಾಕಿತ್ತು, ಹೆಂಚಿಗೆ ಸಾಲದು. ಗಾಳಿ ಹೊತ್ತು ತರುವ ಮಳೆ ಹೆಂಚಿನ ಸಂದಿಯಲ್ಲಿ ಹಿಂದಕ್ಕೆ ಹತ್ತಿ ಒಳಗೆ ಸುರಿಯುತ್ತದೆ. ಅಜ್ಜಿಮನೆಯ ಮಾಡು ಇದಕ್ಕಿಂತ ಎಷ್ಟೋ ಕಡಿದಾಗಿತ್ತೆಂದು ಜಯಂತಿಯೂ ಹೇಳಿ ನೋಡಿದ್ದಳು. "ಹೆಂಚಿನ ಊರಿನವನಿಗೆ ನೀನು ಪಾಠ ಹೇಳುದಾ?" ಎಂದು ತಂದೆ ಗದರಿಸಿದ್ದರು. ಈಗ ಮಾರ್ಚ್ ಮುಗಿಯುತ್ತ ಬಂದಿತ್ತು. ಇಲ್ಲಿಯವರು ಕಾಲ್‌ಬೈಸಾಖಿ ಎನ್ನುವ ಬೇಸಗೆಯ ಮಳೆ-ಬಿರುಗಾಳಿ ಯಾವ ಸಂಜೆಯಾದರೂ ಏಳಬಹುದಿತ್ತು.

"ಹೇಗುಂಟು?" ರತ್ನಾಕರ ಕೇಳಿದರು. "ನಿಮ್ಮ ಕಡೆ ಎಲ್ಲ ಮಣ್ಣಿನ ಮಾಳಿಗೆ. ಇಂಥದ್ದು ಕಂಡಿದ್ದೀರಾ?"

ಅನಂತನ ಕಣ್ಣು ಮಾಡಿನಿಂದ ಇಳಿದು ಜಯಂತಿಯ ಮೇಲೆ ನಿಂತಿತು. ತಂದೆಗೆ ಕಾಣದಷ್ಟು ಮೆಲ್ಲಗೆ ಅವಳು ತಲೆಯಾಡಿಸಿದಳು: ಬೇಡ.

"ಭಾಳ ಚಂದ ಅದ್ರಿ," ಎಂದ ಅವನು. "ಏನೂ ತೊಂದ್ರಿ ಇಲ್ಲ."

ಚಹಾ ಕುಡಿಯುತ್ತ ಅನಂತ ಮದುವೆಯ ಮಾತೆತ್ತಿದ. ರತ್ನಾಕರ ಲೋಟ ಕೆಳಗಿಟ್ಟರು.

"ಜಾತಿ ನನಗೂ ಗಂಟಲಲ್ಲಿ ಸಿಕ್ಕಿಕೊಳ್ತದೆ, ಸುಳ್ಳು ಯಾಕೆ ಹೇಳ್ಲಿ? ಆದ್ರೆ ನೀವು ನೇರ ಮಾತಿನವರು, ಆ ಸ್ಟೇಜಿನ ದಿನವೇ ಕಂಡಿದ್ದೇನೆ. ನನಗೆ ಅಷ್ಟು ಸಾಕು."

ಜಯಂತಿ ಹಿಗ್ಗಬೇಕಿತ್ತು. ಆದರೆ ಅನಂತ ತಲೆ ತಗ್ಗಿಸಿದ್ದ. ಹಾಗೆ ಕೂತ ಅವನನ್ನು ಅವಳು ಎಂದೂ ಕಂಡಿರಲಿಲ್ಲ.

"ಅಪ್ಪ, ಇವರು ಹೇಳಿದ್ದು ಸುಳ್ಳು. ಹೇಳಿಸಿದ್ದು ನಾನು. ಆ ಇಳಿಜಾರು ಹೆಂಚಿಗೆ ಸಾಲದು."

ರತ್ನಾಕರ ಮಗಳನ್ನು ನೋಡದೆ ಅನಂತನತ್ತ ತಿರುಗಿದರು. "ಹೌದಾ?"

"ಹೌದ್ರಿ. ಮೊದಲ ಬಿರುಗಾಳಿಗೇ ಸೋರ್ತದ."

"ಇಬ್ಬರೂ ಸೇರಿ ನನ್ನನ್ನು ಮಂಗ ಮಾಡಿದ್ರಿ." ಅವರು ಎದ್ದರು. "ಮದುವೆ ಮಾತು ಇಲ್ಲಿಗೆ ಸಾಕು."

ಬಾಗಿಲ ಬಳಿ ಅನಂತ ಕೇಳಿದ, "ಒಪ್ಪಿದ್ರಲ್ಲ. ಯಾಕ ಹೇಳಿದಿ?"

"ತಲೆ ತಗ್ಗಿಸಿದವರ ಜೊತೆ ನಾನು ಎಂತ ಸಂಸಾರ ಮಾಡುದು? ಅದೂ ನನ್ನಿಂದಲೇ ತಗ್ಗಿಸಿದವರ ಜೊತೆ?"

"ಐತಾರ ಬರ್ತೀನಿ."

"ಅಪ್ಪ ಬಾಗಿಲು ತೆಗೆಯುದಿಲ್ಲ."

"ಸುಳ್ಳು ಹೇಳಿದಾಂವ ನಾನು. ಆ ಮಾಡನ್ನ ಬಿಚ್ಚಿ ಎತ್ತರ ಮಾಡಾಂವನೂ ನಾನ."

ಆ ವಾರವೆಲ್ಲ ರತ್ನಾಕರ ಮಹಡಿಯ ಕಡೆ ಹೋಗಲಿಲ್ಲ. ಭಾನುವಾರ ಅನಂತ ಇಬ್ಬರು ಬಡಗಿಗಳೊಂದಿಗೆ ಬಂದ. ರತ್ನಾಕರ ಬಾಗಿಲು ತೆಗೆದು ಬಡಗಿಗಳನ್ನು ನೋಡಿದರು. ಬಾಗಿಲಿಂದ ಸರಿದು ನಿಂತರು.

ಮೇಲಿನ ತೊಲೆ ನಾಲ್ಕು ಅಡಿ ಏರಬೇಕಿತ್ತು, ಪಕ್ಕಾಸುಗಳೆಲ್ಲ ಹೊಸವು ಬೇಕಿತ್ತು. ಅದಕ್ಕೆ ಮೊದಲು ಹೆಂಚು ಇಳಿಸಬೇಕು. ಏಣಿಯ ಮೇಲಿಂದ ಅನಂತ ಒಂದೊಂದೇ ಕೊಟ್ಟ, ಜಯಂತಿ ಕೆಳಗೆ ನಿಂತು ಹಿಡಿದಳು. ರತ್ನಾಕರ ತಾವಾಗಿಯೇ ಬಂದು ಅವಳ ಕೈಯಿಂದ ತೆಗೆದುಕೊಂಡು ಗೋಡೆಗೆ ಒರಗಿಸತೊಡಗಿದರು. ಒಂದು ಹೆಂಚಿನ ಅಡಿಯಲ್ಲಿ ಅನಂತನ ಬೆರಳಿಗೆ ಜಯಂತಿಯ ಬೆರಳು ತಾಗಿತು, ಇಬ್ಬರೂ ಕೈ ತೆಗೆಯಲಿಲ್ಲ. ಕೆಂಪು ಧೂಳು ಹತ್ತಿದ ಅವನ ಹುಬ್ಬಿನ ಕೆಳಗಿನ ನೋಟ ನೇರವಾಗಿತ್ತು. ಅವಳು ಕೈಯಲ್ಲಿದ್ದುದನ್ನೇ ಮರೆತಳು.

"ಹೆಂಚು ನೋಡಿ ಹಿಡಿ ಮಾರಾಯ್ತಿ," ಬೆನ್ನ ಹಿಂದಿನಿಂದ ತಂದೆಯ ದನಿ ಬಂತು. "ಅವನ ಮುಖ ನೋಡ್ಲಿಕ್ಕೆ ಜೀವಮಾನ ಉಂಟು."