ಎಲ್ಲಿಗೂ ಹೋಗದ ಬಾಗಿಲು

ಬಹಳ ಕಾಲದ ಹಿಂದೆ, ಕಲ್ಲಿಗೂ ಮಾತು ಬರುತ್ತಿದ್ದ ದಿನಗಳಲ್ಲಿ, ಕುಂದಾವರ ಎಂಬ ರಾಜ್ಯವಿತ್ತು. ಕೋಟೆಯೊಳಗೆ ಜನ ಹಿಡಿಸದಾದಾಗ ರಾಜ ಕೋಟೆಯ ಹೊರಗೆ ಹೊಸಕೇರಿ ಎಂಬ ಬಡಾವಣೆ ಕಟ್ಟಿಸಲು ಹೊರಟ. ಆಗ ದಂಭಕನೆಂಬ ಮಾಯಾಶಿಲ್ಪಿ ಆಸ್ಥಾನಕ್ಕೆ ಬಂದ. "ಮಹಾಪ್ರಭು, ನನಗೆ ಕೂಲಿ ಬೇಡ. ಪ್ರತಿ ಮನೆಯಲ್ಲೂ ನನ್ನಿಷ್ಟದ ಮೂರು ಅಲಂಕಾರ ಇಡಲು ಬಿಟ್ಟರೆ ಸಾಕು" ಎಂದ. ಪುಕ್ಕಟೆ ಸಿಕ್ಕಿದ್ದನ್ನು ಯಾರು ಬಿಡುತ್ತಾರೆ? ರಾಜ ಹೂಂ ಅಂದುಬಿಟ್ಟ.

ಮನೆಗಳು ಎದ್ದವು. ಪ್ರತಿ ಮನೆಯ ನಡುವೆ ಒಂದು ಮೆಟ್ಟಿಲಸಾಲು. ಅದು ಏರಿ ಏರಿ ಸೂರಿಗೆ ತಾಗಿ ನಿಲ್ಲುತ್ತಿತ್ತು, ಮೇಲೆ ಮಹಡಿಯೇ ಇರಲಿಲ್ಲ. ಬೀದಿಯ ಕಡೆ ಗೋಡೆಯಿಂದ ಹೊರಚಾಚಿದ ಒಂದು ಪುಟ್ಟ ಉಪ್ಪರಿಗೆ; ಸುತ್ತ ಚೆಂದದ ಕಟಕಟೆ, ಒಳಗೆ ಹೋಗಲು ದಾರಿಯೇ ಇಲ್ಲ. ಹಿತ್ತಲ ಗೋಡೆಗೆ ತೇಗದ ದೊಡ್ಡ ಬಾಗಿಲು; ತೆರೆದರೆ ಮೂಗಿಗೆ ಇಟ್ಟಿಗೆ ತಗಲುತ್ತಿತ್ತು. ಮೊದಮೊದಲು ಜನ ಬಿದ್ದು ಬಿದ್ದು ನಕ್ಕರು. ಆಮೇಲೆ, ನೋಡಿ ಮನುಷ್ಯರ ಬುದ್ಧಿ, "ನಮ್ಮ ಮೆಟ್ಟಿಲು ನಿಮ್ಮದಕ್ಕಿಂತ ಅಗಲ" ಎಂದು ಬೀಗತೊಡಗಿದರು.

ಆ ಕೇರಿಯಲ್ಲಿ ಹೊನ್ನಾಜಿ ತನ್ನ ಅತ್ತೆ ಮುದ್ದಮ್ಮನ ಜೊತೆ ಇದ್ದಳು. ಗಂಡ ರಾಜನ ದಂಡಿನ ಜೊತೆ ಗಡಿಗೆ ಹೋಗಿದ್ದ. ಹೋಗುವಾಗ, "ಅವ್ವನ್ನ ನಿನ್ನ ಕೈಗೆ ಒಪ್ಪಿಸಿದೀನಿ" ಎಂದಿದ್ದ. ತಾಯಿಯಿಲ್ಲದೆ ಬೆಳೆದ ಹೊನ್ನಾಜಿಗೆ ಈ ಅತ್ತೆಯೇ ತಾಯಿ.

ಮುದ್ದಮ್ಮ ಬೆಳಗಾಗೆದ್ದು ಮುಂಬಾಗಿಲ ಹೊಸ್ತಿಲು ತೊಳೆದು, ಅರಿಶಿನ ಬಳಿದು, ರಂಗೋಲಿ ಎಳೆಯುತ್ತಿದ್ದಳು. ಆಮೇಲೆ ಹಿತ್ತಲ ಬಾಗಿಲಿಗೂ ಹಾಗೇ ಮಾಡುತ್ತಿದ್ದಳು.

"ಗೋಡೆಗೆ ಯಾಕತ್ತೆ ಪೂಜೆ?" ಎಂದು ಹೊನ್ನಾಜಿ ನಗುತ್ತಿದ್ದಳು.

"ಹೊಸ್ತಿಲು ಅಂದಮೇಲೆ ಲಕ್ಷ್ಮಿ ಕಣೇ. ಬರಿದಾಗಿ ಬಿಡೋದು ಹೇಗೆ?"

ಕೇರಿಯ ಹೆಂಗಸರೆಲ್ಲ ಹಾಗೇ ಮಾಡುತ್ತಿದ್ದರು. ದಂಭಕ ಕಾಯುತ್ತಿದ್ದದ್ದು ಅದಕ್ಕೇ. ಯಾರಿಗೂ ಬೇಡವಾದ ಜಾಗವೇ ಅವನ ವಾಸ, ಅಲ್ಲಿಗೆ ಸೆಳೆದುಕೊಂಡ ಜೀವವೇ ಅವನ ಆಯುಸ್ಸು. ದಿನದಿನದ ಪೂಜೆಯಿಂದ ಸುಳ್ಳು ಬಾಗಿಲುಗಳಿಗೆ ನಿಜದ ಬಲ ಬಂತು. ಒಂದು ಬೆಳಗ್ಗೆ ಮುದ್ದಮ್ಮ ಬಗ್ಗಿ ರಂಗೋಲಿ ಇಡುತ್ತಿದ್ದಾಗ ಇಟ್ಟಿಗೆಗಳು ಬಾಯಿ ಬಿಟ್ಟವು, ಅವಳನ್ನು ಒಳಗೆಳೆದುಕೊಂಡು ಮುಚ್ಚಿಕೊಂಡವು. ಹೊನ್ನಾಜಿ ಓಡಿ ಬರುವಷ್ಟರಲ್ಲಿ ಹೊಸ್ತಿಲ ಮೇಲೆ ಅರ್ಧ ರಂಗೋಲಿ ಮಾತ್ರ ಉಳಿದಿತ್ತು. ಅದೇ ಬೆಳಗ್ಗೆ ಕೇರಿಯ ಎಷ್ಟೋ ಮನೆಗಳಲ್ಲಿ ಹೀಗೇ ಆಯಿತು.

ಹೊನ್ನಾಜಿ ನೇರ ದಂಭಕನ ಬಳಿಗೆ ಹೋದಳು. "ನಮ್ಮತ್ತೇನ ಬಿಟ್ಟುಬಿಡು" ಎಂದಳು.

ದಂಭಕನಿಗೆ ತನ್ನ ಕೈಕೆಲಸದ ಮೇಲೆ ಬಲು ಜಂಬ. "ನನ್ನ ಮೂರು ಅಲಂಕಾರಕ್ಕೂ ಒಂದೊಂದು ಉಪಯೋಗ ತೋರಿಸು. ಆ ಅಲಂಕಾರವನ್ನು ನಾಳೆ ಕಿತ್ತುಹಾಕಿದರೆ ಕೊರಗುವ ಜೀವ ಒಂದಾದರೂ ಇರಬೇಕು. ಆಗ ಎಲ್ಲರನ್ನೂ ಬಿಡ್ತೀನಿ. ಬರುವ ತಿಂಗಳ ಅಮಾವಾಸ್ಯೆ ಸಂಜೆಗೆ ಬರ್ತೀನಿ. ತಪ್ಪಿದರೆ ನಿಮ್ಮತ್ತೆ ಇಟ್ಟಿಗೆ ಆಗ್ತಾಳೆ" ಎಂದ.

ಹೊನ್ನಾಜಿ ಮೊದಲು ಮೆಟ್ಟಿಲ ಮುಂದೆ ನಿಂತಳು. ತುದಿಯಲ್ಲಿ ಕೂತಿದ್ದ ಸಿಂಹಮುಖದ ಕಲ್ಲಿನ ಯಾಳಿ ಕಣ್ಣು ಬಿಟ್ಟು, "ನನ್ನ ಮೆಟ್ಟಿಲು ಯಾರಿಗೆ ಬೇಕು?" ಎಂದು ಗುರುಗುಟ್ಟಿತು.

ಅವಳು ನೆರೆಮನೆಯ ಹೆಂಗಸರನ್ನೆಲ್ಲ ಕರೆದಳು. ಒಂದೇ ಕೇರಿಯಲ್ಲಿದ್ದರೂ ಅವರು ಒಬ್ಬರ ಮನೆ ಒಬ್ಬರು ತುಳಿದವರಲ್ಲ. ಒಂದೊಂದು ಮೆಟ್ಟಿಲ ಮೇಲೆ ಒಬ್ಬೊಬ್ಬರನ್ನು ಕೂರಿಸಿದಳು. ಮೇಲಿನವಳು ಕೆಳಗಿನವಳ ತಲೆಗೆ ಎಣ್ಣೆ ಹಚ್ಚಿದಳು, ಅವಳು ಇನ್ನೂ ಕೆಳಗಿನವಳ ಸಿಕ್ಕು ಬಿಡಿಸಿದಳು, ಅವಳು ಮತ್ತೊಬ್ಬಳ ಹೇನು ನೋಡಿದಳು. ತಲೆಯ ಸಿಕ್ಕಿನ ಜೊತೆ ಮನಸ್ಸಿನದೂ ಬಿಚ್ಚಿತು. ಮನೆಯವರನ್ನು ಕಳೆದುಕೊಂಡವರು ಅಲ್ಲೇ ಅತ್ತರು.

"ಕಿತ್ತುಹಾಕಲೇ?" ಎಂದಿತು ಯಾಳಿ.

"ಬೇಡಪ್ಪಾ, ನಾವೆಲ್ಲಿ ಕೂರೋದು?" ಎಂದರು ಹೆಂಗಸರು. ಯಾಳಿ ಬಾಯಿ ಮುಚ್ಚಿ ಕಲ್ಲಾಯಿತು.

ಎರಡನೆಯದು ಉಪ್ಪರಿಗೆ. ಕಟಕಟೆಯ ಮೇಲಿದ್ದ ಗಾರೆಯ ಗಿಳಿ, "ನನ್ನ ಉಪ್ಪರಿಗೆ ಯಾರಿಗೆ ಬೇಕು?" ಎಂದು ಅಣಕಿಸಿತು. ಹೊನ್ನಾಜಿ ಏಣಿ ಹಾಕಿ ಹತ್ತಿ ಅಲ್ಲಿ ಒಂದು ಹಿಡಿ ನವಣೆ, ಒಂದು ಕುಡಿಕೆ ನೀರು ಇಟ್ಟು, ಏಣಿ ತೆಗೆದಳು. ಗುಬ್ಬಚ್ಚಿಗಳು ಬಂದವು. ಒಳಗೆ ಹೋಗಲು ದಾರಿಯಿಲ್ಲದ ಜಾಗ, ಬೆಕ್ಕಿನ ಕಾಟವಿಲ್ಲ. ಗೂಡು ಕಟ್ಟಿ ಮರಿ ಮಾಡಿದವು.

"ಕಿತ್ತುಹಾಕಲೇ?" ಎಂದಿತು ಗಿಳಿ. ತಾಯಿಗುಬ್ಬಿ ರೆಕ್ಕೆ ಹರಡಿ ಮರಿಗಳನ್ನು ಮುಚ್ಚಿಕೊಂಡು ಎಷ್ಟು ಗೋಳಾಡಿತೆಂದರೆ, ಗಿಳಿ ತಲೆ ತಗ್ಗಿಸಿ ಗಾರೆಯಾಯಿತು.

ಮೂರನೆಯದು ಬಾಗಿಲು. ಅದರ ಮೇಲೆ ಬಟ್ಟೆ ಒಣಗಿಸಿದಳು. ಬಟ್ಟೆ ಹಗ್ಗದ ಮೇಲೂ ಒಣಗುತ್ತದೆ. ಮರೆಯಲ್ಲಿ ಕಾಳಿನ ಮೂಟೆ ಇಟ್ಟಳು. ಮೂಟೆಗೆ ಯಾವ ಮೂಲೆಯಾದರೂ ನಡೆಯುತ್ತದೆ. ಏನು ಮಾಡಿದರೂ ಬಾಗಿಲು ಬಾಗಿಲಾಗಲಿಲ್ಲ. ಅಮಾವಾಸ್ಯೆ ಬಂದೇಬಿಟ್ಟಿತು. ಹೊನ್ನಾಜಿಗೆ ಬೇರೆ ದಾರಿ ತೋಚಲಿಲ್ಲ. ಅತ್ತೆ ಅರ್ಧಕ್ಕೆ ಬಿಟ್ಟಿದ್ದ ರಂಗೋಲಿಯನ್ನು ತಾನೇ ಕೂತು ಮುಗಿಸಿದಳು. ಊರಿಂದ ಬಂದವರಿಗೆ ಇಡುವಂತೆ ಕಾಲಿಗೆ ಒಂದು ಚೆಂಬು ನೀರಿಟ್ಟಳು. ತಟ್ಟೆಯಲ್ಲಿ ಅರಿಶಿನ ಸುಣ್ಣ ಕಲಸಿ ದೃಷ್ಟಿ ತೆಗೆಯುವ ಕೆಂಪು ನೀರು ಮಾಡಿದಳು. ಬಾಗಿಲು ತೆರೆದು, ಇಟ್ಟಿಗೆಯನ್ನೇ ನೋಡುತ್ತಾ ಕೂತಳು.

ಸಂಜೆ ದಂಭಕ ಬಂದ. "ಎಲ್ಲಿ ಉಪಯೋಗ? ಈ ಬಾಗಿಲು ಎಲ್ಲಿಗೂ ಹೋಗೋದಿಲ್ಲವಲ್ಲ?"

"ಹೋಗೋಕೆ ನನಗೆ ಬೇಡ" ಎಂದಳು ಹೊನ್ನಾಜಿ. "ನಮ್ಮತ್ತೆ ಹೋದದ್ದು ಇದರಲ್ಲೇ, ಬಂದರೆ ಇದರಲ್ಲೇ ಬರಬೇಕು. ಇದನ್ನ ಕಿತ್ತುಹಾಕಿದರೆ ನಾನು ಯಾವ ಕಡೆ ನೋಡ್ಕೊಂಡು ಕಾಯಲಿ? ಕೊರಗೋ ಜೀವ ಬೇಕು ಅಂದ್ಯಲ್ಲ. ಇಲ್ಲೇ ಕೂತಿದೀನಿ, ನೋಡು."

ದಂಭಕ ಒಂದು ಹೆಜ್ಜೆ ಹಿಂದೆ ಸರಿದ. ಹೊನ್ನಾಜಿ ಗೋಡೆಯ ಕಡೆ ತಿರುಗಿ, "ಅತ್ತೆ, ಕಾಲಿಗೆ ನೀರಿಟ್ಟಿದೀನಿ. ಒಳಗೆ ಬನ್ನಿ" ಎಂದು ಕರೆದಳು.

ಇಟ್ಟಿಗೆಗಳು ಒಂದೊಂದಾಗಿ ಕಳಚಿ ಬಿದ್ದವು. ತಲೆತುಂಬ ಕೆಂಪು ಧೂಳು ಹೊತ್ತು ಮುದ್ದಮ್ಮ ಹೊಸ್ತಿಲಾಚೆ ನಿಂತಿದ್ದಳು. ಬಗ್ಗಿ ರಂಗೋಲಿ ನೋಡಿ, "ಎಳೆ ಸೊಟ್ಟಗಾಗಿದೆಯಲ್ಲೇ" ಎಂದಳು. ಹೊನ್ನಾಜಿ ಅಳುತ್ತಲೇ ಕಾಲಿಗೆ ನೀರು ಹಾಕಿ, ಕೆಂಪು ನೀರು ಇಳಿತೆಗೆದು, ಕೈಹಿಡಿದು ಒಳಗೆ ಕರೆದುಕೊಂಡಳು.

ಸುದ್ದಿ ತಿಳಿದು ಮನೆಮನೆಯವರೂ ಹಿತ್ತಲ ಬಾಗಿಲು ತೆರೆದು ತಮ್ಮವರನ್ನು ಹೆಸರು ಹಿಡಿದು ಕರೆದರು, ಎಲ್ಲರೂ ಬಂದರು. ಕೇರಿಯಲ್ಲಿ ಬೇಡವಾದ ಜಾಗ ಒಂದೂ ಉಳಿಯದೆ, ವಾಸಕ್ಕೆ ಎಡೆಯಿಲ್ಲದೆ ದಂಭಕ ನಿಂತಲ್ಲೇ ಕಲ್ಲಿನ ಕಂಬವಾದ. ಅದರ ಮೇಲೆ ಒಂದು ತೊಲೆಯೂ ಇಲ್ಲ. ಗಡಿಯಿಂದ ದಂಡು ಮರಳಿತು, ಹೊನ್ನಾಜಿಯ ಗಂಡನೂ ಬಂದ. ಹೊಸಕೇರಿಯ ಜನ ಆಮೇಲೆ ಬಹುಕಾಲ ಸುಖವಾಗಿ ಬಾಳಿದರು.

ಆದರೆ ಅತ್ತೆ ಮರಳಿದ ಆ ಸಂಜೆ ಹೊನ್ನಾಜಿ ಬೇರೇನೂ ಮಾಡಲಿಲ್ಲ. ಎಲ್ಲಿಗೂ ಹೋಗದ ಮೆಟ್ಟಿಲ ಮೇಲೆ ತಾನು ಕೂತು, ಕೆಳಗಿನ ಮೆಟ್ಟಿಲಲ್ಲಿ ಅತ್ತೆಯನ್ನು ಕೂರಿಸಿಕೊಂಡು, ಅವಳ ನರೆಗೂದಲಿನಿಂದ ಇಟ್ಟಿಗೆಯ ಧೂಳನ್ನು ಬಾಚಿ ಬಾಚಿ ತೆಗೆದಳು.